ಕಾರಿನೊಳಗಿನ ನಾಯಿ ವಾಸನೆ, ಸಿಗರೇಟು ವಾಸನೆ: ಸೆಂಟು ಹೊಡೆದರೆ ಯಾಕೆ ಹೋಗಲ್ಲ?

ವಿಡಿಯೋ ನೋಡೋಕೆ ಸಮಯ ಇಲ್ಲದವರಿಗೆ, ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು ಅನ್ನುವವರಿಗೆ, ಈ ವಾರದ ಮಾತನ್ನು ಎಂದಿನಂತೆ ಇಲ್ಲಿ ಬರಹದಲ್ಲಿ ಕೊಡ್ತಿದ್ದೇನೆ.

ಇಲ್ಲಿ ಕೋಲ್ಕತ್ತಾದ ಬೆಹಾಲಾದಲ್ಲಿ ನಮ್ಮ ಕನ್ನಡದ ಗೆಳೆಯರೊಬ್ಬರಿದ್ದಾರೆ. ಕಳೆದ ಜುಲೈನಲ್ಲಿ 8 ವರ್ಷ ಹಳೆಯ ಕಾರೊಂದನ್ನು ಕೊಂಡರು. ನೋಡೋಕೆ ಹೋದ ದಿನ ಒಳಗೆ ಮಲ್ಲಿಗೆ ಸೆಂಟು ಘಮಘಮ ಅಂತಿತ್ತಂತೆ. ಮನೆಗೆ ತಂದ ಮೇಲೆ ಮೂರು ದಿನ ಬಿಡದೆ ಮಳೆ. ನಾಲ್ಕನೆಯ ದಿನ ಬಾಗಿಲು ತೆಗೆದರೆ ಒದ್ದೆ ನಾಯಿಯ ವಾಸನೆ, ಅದರ ಜೊತೆಗೆ ಹಳೇ ಸಿಗರೇಟಿನ ಕಮಟು. ಮನೆಯಲ್ಲಿ 11 ತಿಂಗಳ ಮಗು. ಸೀಟು ಹಿಡಿದು ನಿಲ್ಲುತ್ತೆ, ಸೀಟ್ ಬೆಲ್ಟನ್ನು ಬಾಯಿಗಿಟ್ಟುಕೊಳ್ಳುತ್ತೆ. "ಸಾರ್, ಇದನ್ನ ಮಾರಿಬಿಡ್ಲಾ?" ಅಂತ ಫೋನ್ ಮಾಡಿದರು. ನಾನು ಹೋಗಿ ನೋಡಿದೆ. ಮಾರೋದು ಬೇಡ ಅಂದೆ. ಆದರೆ ಸುಲಭವಾಗಿ ಏನೂ ಮುಗಿಯಲಿಲ್ಲ, ನನ್ನಿಂದ ಒಂದು ತಪ್ಪೂ ಆಯ್ತು. ಅದನ್ನೂ ಹೇಳ್ತೀನಿ.

ಮೊದಲು ಒಂದು ಮಾತು ತಲೆಯಲ್ಲಿ ಇಟ್ಟುಕೊಳ್ಳಿ. ವಾಸನೆ ಅನ್ನೋದು ಬರೀ ಗಾಳಿಯಲ್ಲಿ ಇರಲ್ಲ. ಅದು ಒಂದು ವಸ್ತು, ಕಾರಿನೊಳಗೆ ಎಲ್ಲೋ ಒಂದು ಕಡೆ ಅಂಟಿಕೊಂಡು ಕೂತಿರುತ್ತೆ. ಅಲ್ಲಿಂದ ಸ್ವಲ್ಪ ಸ್ವಲ್ಪವೇ ಗಾಳಿಗೆ ಬರ್ತಾ ಇರುತ್ತೆ. ಸೆಂಟು ಹೊಡೆದರೆ ಗಾಳಿಗೆ ಇನ್ನೊಂದು ವಾಸನೆ ಸೇರುತ್ತೆ ಅಷ್ಟೇ, ಕೂತಿರೋದು ಅಲ್ಲೇ ಕೂತಿರುತ್ತೆ. ಬಿಸಿಲಲ್ಲಿ ಕಾರು ಕಾದಾಗ ಅದು ಹೆಚ್ಚು ಆವಿಯಾಗುತ್ತೆ. ಗಾಳಿಯಲ್ಲಿ ತೇವ ಹೆಚ್ಚಾದಾಗ ನೀರಿನಂಶ ಬಟ್ಟೆಯೊಳಗೆ ಹೋಗಿ ಅಂಟಿದ್ದನ್ನು ಸಡಿಲ ಮಾಡಿ ಎಬ್ಬಿಸುತ್ತೆ. ಹಾಗಾಗಿ ಬೇಸಿಗೆಯ ಮಧ್ಯಾಹ್ನ, ಮಳೆಗಾಲದ ಬೆಳಿಗ್ಗೆ, ಈ ಎರಡು ಹೊತ್ತು ಹಳೇ ವಾಸನೆ ಎದ್ದು ಕೂರುತ್ತೆ. ಕೋಲ್ಕತ್ತಾದಲ್ಲಿ ಎರಡಕ್ಕೂ ಕೊರತೆ ಇಲ್ಲ.

ಹಳೇ ಹಳದಿ ಅಂಬಾಸಡರ್ ಟ್ಯಾಕ್ಸಿ ನೆನಪಿದೆಯಾ? ಇಲ್ಲೇ ಪಕ್ಕದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾಗ್ತಿದ್ದ ಕಾರು. ರೆಕ್ಸಿನ್ ಸೀಟು, ಏಸಿ ಇಲ್ಲ, ಕಿಟಕಿ ಸದಾ ತೆರೆದೇ ಇರೋದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಈಗಿನ ಕಾರು ಹಾಗಲ್ಲ. ಬಟ್ಟೆಯ ಸೀಟು, ಅದರ ಕೆಳಗೆ ದಪ್ಪ ಫೋಮ್, ಕಾರ್ಪೆಟ್ಟಿನ ಕೆಳಗೆ ಇನ್ನೊಂದು ಮೆತ್ತೆ, ಮುಚ್ಚಿದ ಕಿಟಕಿ. ವಾಸನೆಗೆ ಅಡಗಿ ಕೂರೋಕೆ ಹತ್ತು ಜಾಗ.

ಈಗ ಒಂದೊಂದಾಗಿ ನೋಡೋಣ.

ಹುಡುಕುವುದು ಹೇಗೆ?

ಸೆಂಟಿನ ಡಬ್ಬಿ, ಮ್ಯಾಟು, ಸೀಟ್ ಕವರ್ ಎಲ್ಲ ಹೊರಗೆ ತೆಗೆಯಿರಿ. ಕಾರನ್ನು ಒಂದು ಗಂಟೆ ಬಿಸಿಲಲ್ಲಿ ಮುಚ್ಚಿಡಿ. ಆಮೇಲೆ ಬಾಗಿಲು ತೆಗೆದು, ಮೂಗನ್ನೇ ಹತ್ತಿರ ಒಯ್ದು ಒಂದೊಂದು ಜಾಗ ನೋಡಿ: ಹಿಂದಿನ ಸೀಟು, ಕಾಲಿಡುವ ಜಾಗ, ಡಿಕ್ಕಿ, ಮೇಲ್ಚಾವಣಿಯ ಬಟ್ಟೆ, ಏಸಿ ಗಾಳಿ ಬರುವ ಕಿಂಡಿ. ರಾತ್ರಿ ಕತ್ತಲಲ್ಲಿ ಯುವಿ ಟಾರ್ಚ್ ಬಿಟ್ಟರೆ ಒಣಗಿದ ಮೂತ್ರದ ಕಲೆ ಮಂಕಾಗಿ ಹೊಳೆಯುತ್ತೆ. ಬೆಹಾಲಾದ ಕಾರಿನಲ್ಲಿ ಹಿಂದಿನ ಸೀಟಿನ ಎಡಗಡೆ ಅಂಗೈ ಅಗಲದ ಕಲೆ ಕಾಣಿಸಿತು. ಮೇಲೆ ಅಂಗೈ ಅಗಲ ಅಂದರೆ ಒಳಗೆ ಫೋಮಿನಲ್ಲಿ ತಟ್ಟೆ ಅಗಲ ಅಂತಲೇ ಲೆಕ್ಕ. ನೀರು ಕೆಳಗಿಳೀತಾ ಹರಡುತ್ತೆ.

ನಾಯಿ, ಬೆಕ್ಕಿನ ವಾಸನೆ

ಮೂತ್ರದಲ್ಲಿರುವ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತೆ. ಮೂಗಿಗೆ ಹೊಡೆಯೋ ಘಾಟು ಅದೇ. ಬೆಕ್ಕಿನದ್ದು ಇನ್ನೂ ಗಟ್ಟಿ. ಬೆಕ್ಕಿನ ಮೂತ್ರದಲ್ಲಿ ಫೆಲಿನೈನ್ ಅಂತ ಗಂಧಕ ಇರುವ ಒಂದು ಪದಾರ್ಥ ಇದೆ. ಅದು ನಿಧಾನವಾಗಿ ಒಡೀತಾ ಹೋಗಿ ದಿನ ಕಳೆದ ಮೇಲೆ ವಾಸನೆ ಹೆಚ್ಚು ಮಾಡುತ್ತೆ.

ಇದಕ್ಕೆ ಕೆಲಸ ಮಾಡೋದು ಎನ್‌ಜೈಮ್ ಕ್ಲೀನರ್. ಸಾಕುಪ್ರಾಣಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತೆ. ಬಳಸೋದರಲ್ಲಿ ಬಹಳ ಜನ ಎರಡು ತಪ್ಪು ಮಾಡ್ತಾರೆ. ಒಂದು, ಮೇಲೆ ಮೇಲೆ ಚಿಮುಕಿಸಿ ಒರೆಸಿಬಿಡ್ತಾರೆ. ಮೂತ್ರ ಎಷ್ಟು ಆಳ ಇಳಿದಿದೆಯೋ ದ್ರವವೂ ಅಷ್ಟು ಆಳ ಇಳೀಬೇಕು. ಎರಡು, ಕಾಯಲ್ಲ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಅದು ಒದ್ದೆಯಾಗೇ ಇರಬೇಕು. ಫ್ಯಾನಿನ ಕೆಳಗೆ ಬೇಗ ಒಣಗಿಸಿದರೆ ಎನ್‌ಜೈಮ್ ಅರ್ಧ ಕೆಲಸದಲ್ಲೇ ನಿಲ್ಲುತ್ತೆ. ಅದಕ್ಕೆ ಮೊದಲು ಫಿನಾಯಿಲು, ಸೋಪು, ಬ್ಲೀಚು ಹಾಕಬೇಡಿ, ಅವು ಎನ್‌ಜೈಮನ್ನೇ ಕೆಡಿಸ್ತವೆ. ಮೂತ್ರದ ಮೇಲೆ ಬ್ಲೀಚ್ ಬಿದ್ದರೆ ವಿಷಗಾಳಿ ಬೇರೆ ಹುಟ್ಟುತ್ತೆ. ಮುಚ್ಚಿದ ಕಾರಿನಲ್ಲಿ ಅದಂತೂ ಬೇಡವೇ ಬೇಡ.

ಸಿಗರೇಟಿನ ವಾಸನೆ

ಇದು ಮೂಗಿನ ಕಿರಿಕಿರಿಯಷ್ಟೇ ಅಲ್ಲ. ಹೊಗೆಯ ನಿಕೋಟಿನ್, ಟಾರು ಎಲ್ಲ ಬಟ್ಟೆ, ಪ್ಲಾಸ್ಟಿಕ್, ಗಾಜಿನ ಮೇಲೆ ಪದರವಾಗಿ ಕೂರುತ್ತೆ. 2010ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ವಿಜ್ಞಾನಿಗಳು ಒಂದು ವಿಷಯ ತೋರಿಸಿದರು. ಹೀಗೆ ಅಂಟಿಕೊಂಡ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೊಸಮೈನ್‌ಗಳಾಗಿ ಬದಲಾಗುತ್ತೆ. ಸಿಗರೇಟು ಸೇದುವವರ ಒಂದು ವಾಹನದ ಒಳಮೈ ಮೇಲೂ ಅವು ಸಿಕ್ಕಿದವು. ಸೀಟ್ ಬೆಲ್ಟು ಬಾಯಿಗಿಡೋ ಮಗು ಇರುವ ಮನೆಯಲ್ಲಿ ಸೆಂಟು ಹೊಡೆದು ಸುಮ್ಮನಾಗೋದು ಸರಿಯಲ್ಲ ಅಂತ ನಾನು ಹೇಳೋದು ಇದಕ್ಕೇ.

ಮಾಡೋ ಕ್ರಮ ಹೀಗೆ. ಮೊದಲು ವ್ಯಾಕ್ಯೂಮ್, ಸೀಟಿನ ಹಳಿಗಳ ನಡುವೆ ಬೂದಿ, ಸಿಗರೇಟಿನ ತುಂಡು ಇದ್ದೇ ಇರುತ್ತೆ. ಆಮೇಲೆ ಕ್ಯಾಬಿನ್ ಫಿಲ್ಟರ್ ಬದಲಿಸಿ. ಸಾಮಾನ್ಯವಾಗಿ ಗ್ಲವ್ ಬಾಕ್ಸಿನ ಹಿಂದೆ ಇರುತ್ತೆ. ಬೆಹಾಲಾದ ಕಾರಿನದು ಹೊರಗೆ ತೆಗೆದಾಗ ಕಾಡಿಗೆ ಬಣ್ಣ, ನಾಯಿಯ ಕೂದಲು ಬೇರೆ. ಹೊಸದನ್ನು ಮಲ್ಲಿಕ್ ಬಜಾರಿನಿಂದ ತಂದೆವು. ಕಾರಿನ ಬಿಡಿಭಾಗಕ್ಕೆ ಇಲ್ಲಿಯವರು ಹೋಗೋದು ಅಲ್ಲಿಗೇ.

ನಂತರ ಪ್ಲಾಸ್ಟಿಕ್ಕು, ಗಾಜು. ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ನೀರು. ನಿಕೋಟಿನ್ ಕ್ಷಾರ ಗುಣದ್ದು, ಹುಳಿಗೆ ಕರಗಿ ಬರುತ್ತೆ. ಟಾರು ಎಣ್ಣೆಯಂಥದ್ದು, ಅದಕ್ಕೆ ಸೋಪಿನ ನೀರು ಬೇಕು. ಹಾಗಾಗಿ ಮೊದಲು ಸೋಪಿನ ನೀರು, ಆಮೇಲೆ ವಿನೆಗರ್. ಚರ್ಮದ ಸೀಟಿಗೆ ವಿನೆಗರ್ ಬೇಡ, ಚರ್ಮಕ್ಕೆ ಅಂತಲೇ ಸಿಗುವ ಕ್ಲೀನರ್ ಬಳಸಿ. ವಿನೆಗರಿಗೆ ಅಡುಗೆ ಸೋಡಾ ಬೆರೆಸಿ ಹಾಕಿ ಅಂತ ಎಲ್ಲ ಕಡೆ ಹೇಳ್ತಾರೆ. ನೊರೆ ಬರುತ್ತೆ ನಿಜ, ಆದರೆ ಹುಳಿ ಮತ್ತು ಕ್ಷಾರ ಒಂದನ್ನೊಂದು ತಿಂದು ಉಳಿಯೋದು ಉಪ್ಪು ನೀರು. ಸೋಡಾವನ್ನು ಒಣ ಸೀಟಿನ ಮೇಲೆ ಬೇರೆಯಾಗಿ ಉದುರಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ.

ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕ್ಲಿಪ್ ಹಾಕಿ ನಿಲ್ಲಿಸಿ, ತೆಳು ಸೋಪಿನ ನೀರಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೇ ಒಳಗೆ ಬಿಡಿ. ಮೇಲ್ಚಾವಣಿಯ ಬಟ್ಟೆ ಬಗ್ಗೆ ಹುಷಾರು. ಹೊಗೆ ಮೇಲಕ್ಕೇ ಹೋಗೋದರಿಂದ ಹೆಚ್ಚು ಕೊಳೆ ಅಲ್ಲೇ ಇರುತ್ತೆ. ಆದರೆ ಆ ಬಟ್ಟೆ ಗೋಂದಿನಿಂದ ಅಂಟಿಸಿದ್ದು. ನೀರು ಜಾಸ್ತಿಯಾದರೆ ಜೋತು ಬೀಳುತ್ತೆ. ಬರೀ ನೊರೆಯಲ್ಲಿ, ಹಗುರ ಕೈಯಲ್ಲಿ, ಒಂದೇ ದಿಕ್ಕಿಗೆ ಒರೆಸಿ.

ನನ್ನಿಂದಾದ ತಪ್ಪು

ಇಷ್ಟೆಲ್ಲ ಗೊತ್ತಿದ್ದ ನಾನು ಆಗಸ್ಟ್ ತಿಂಗಳಲ್ಲಿ, ಸೀಟು ಕಾರಿನೊಳಗೇ ಇದ್ದ ಹಾಗೆ, ಎನ್‌ಜೈಮ್ ಸುರಿದು ಕಿಟಕಿ ಒಂದಿಂಚು ಬಿಟ್ಟು ಬಂದೆ. ಒಣಗುತ್ತೆ ಅಂದುಕೊಂಡೆ. ಐದನೇ ದಿನ ನಾಯಿ ವಾಸನೆ ಜೊತೆಗೆ ಬೂಸ್ಟಿನ ವಾಸನೆಯೂ ಸೇರಿತ್ತು. ಗಾಳಿಯೇ ಒದ್ದೆಯಾಗಿದ್ದಾಗ ಫೋಮ್ ಒಣಗೋದಾದರೂ ಹೇಗೆ? ಬೆಂಗಳೂರಲ್ಲಿ, ಹುಬ್ಬಳ್ಳಿಯಲ್ಲಿ ನಡೆಯೋದು ಇಲ್ಲಿ ನಡೆಯಲ್ಲ. ಮಂಗಳೂರು, ಕಾರವಾರದವರಿಗೆ ಇದು ಹೇಳದೆಯೇ ಗೊತ್ತು.

ಎರಡನೇ ಸಲ ಹಿಂದಿನ ಸೀಟಿನ ಮೆತ್ತೆಯನ್ನೇ ಬಿಚ್ಚಿದೆವು. ಎನ್‌ಜೈಮ್ ಹಾಕಿ ಕಾದು, ಶುದ್ಧ ನೀರು ಹಾಕಿ, ವೆಟ್ ವ್ಯಾಕ್ಯೂಮಿನಲ್ಲಿ ಹೀರಿ ತೆಗೆದು, ಮನೆಯೊಳಗೆ ಫ್ಯಾನ್ ಕೆಳಗೆ, ಏಸಿ ಡ್ರೈ ಮೋಡಿನಲ್ಲಿಟ್ಟು ಎರಡು ದಿನ ಒಣಗಿಸಿದೆವು. ಕಾರ್ಪೆಟ್ ಎತ್ತಿ ಕೆಳಗಿನ ಮೆತ್ತೆಗೂ ಅದೇ ಉಪಚಾರ. ನಾಯಿ ವಾಸನೆ ಅವತ್ತು ಹೋಗಿದ್ದು ಮತ್ತೆ ಬಂದಿಲ್ಲ. ಒಂದು ಎಚ್ಚರಿಕೆ: ಮುಂದಿನ ಸೀಟಿನ ಕೆಳಗೆ ಏರ್‌ಬ್ಯಾಗಿನ ವೈರು ಇರಬಹುದು. ಅದನ್ನು ನೀವೇ ಬಿಚ್ಚೋಕೆ ಹೋಗ್ಬೇಡಿ, ಮೆಕ್ಯಾನಿಕ್ ಹತ್ತಿರ ಮಾಡಿಸಿ.

ಆದಷ್ಟು ಈ ಕೆಲಸವನ್ನು ನವೆಂಬರಿನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಕೋಲ್ಕತ್ತಾದ ಗಾಳಿ ಒಣಗಿರೋದು ಆಗಲೇ.

ಮಾಡಬಾರದ್ದು

ಧೂಪ ಹಾಕಿದರೆ ಹೋಗುತ್ತೆ ಅಂತಾರೆ. ಇಲ್ಲಿಯವರು ಧುನೋ ಹಾಕ್ತಾರೆ. ಹೊಗೆ ಮೇಲೆ ಇನ್ನೊಂದು ಹೊಗೆ ಕೂರುತ್ತೆ, ಅಷ್ಟೇ ಲಾಭ. ನುಸಿಗುಳಿಗೆ ಇಡಬೇಡಿ, ನ್ಯಾಫ್ತಲೀನ್ ಆವಿ ಎಳೆ ಮಕ್ಕಳಿಗೆ ಒಳ್ಳೆಯದಲ್ಲ. ಅಡುಗೆ ಇದ್ದಿಲು ಹೆಚ್ಚು ಹೀರಲ್ಲ. ಬೇಕಾದ್ದು ಆಕ್ಟಿವೇಟೆಡ್ ಇದ್ದಿಲು. ಅದರ ಒಂದು ಗ್ರಾಂನ ಒಳಮೈ 500 ಚದರ ಮೀಟರಿಗೂ ಹೆಚ್ಚು. ಆದರೆ ಅದು ಉಳಿದ ಚೂರುಪಾರು ಹೀರೋಕೆ, ಕಲೆಯ ಬದಲಿಗಲ್ಲ.

ಓಜೋನ್ ಯಂತ್ರ ಕೊನೆಯ ಮಾತು. ಕೊಳೆ ತೆಗೆದ ಮೇಲೆ ಉಳಿದ ವಾಸನೆಗೆ ಅದು ಸಹಾಯ ಮಾಡಬಹುದು. ಆದರೆ ಓಜೋನ್ ಶ್ವಾಸಕೋಶಕ್ಕೆ ಕೆಟ್ಟದ್ದು, ರಬ್ಬರನ್ನೂ ಬಿರುಕು ಬಿಡಿಸುತ್ತೆ. ಗೊತ್ತಿರುವವರ ಕೈಯಲ್ಲೇ ಮಾಡಿಸಿ. ಒಳಗೆ ಜನ, ಪ್ರಾಣಿ ಯಾರೂ ಇರಬಾರದು, ಆಮೇಲೆ ಬಾಗಿಲೆಲ್ಲ ತೆಗೆದು ಗಂಟೆಗಟ್ಟಲೆ ಗಾಳಿಯಾಡಿಸಬೇಕು.

ಕೊನೆಗೆ ಏನಾಯ್ತು?

ಸಿಗರೇಟು ವಾಸನೆ ಬಹುಪಾಲು ಹೋಯ್ತು. ಆದರೂ ಬಿಸಿಲಲ್ಲಿ ನಿಂತ ಮಧ್ಯಾಹ್ನ ಸ್ವಲ್ಪ ಬರ್ತಿತ್ತು. ಮೂಲ ಮೇಲ್ಚಾವಣಿ. ಮೂರು ಸಲ ಒರೆಸಿದ ಮೇಲೆ ನಾನು ಸೋಲೊಪ್ಪಿಕೊಂಡೆ. ಡಿಸೆಂಬರಿನಲ್ಲಿ ಆ ಬಟ್ಟೆಯನ್ನೇ ಬದಲಿಸಿದರು. ಅಲ್ಲಿಗೆ ಮುಗೀತು. ಕೆಲವು ಸಲ ತೊಳೆಯೋದಕ್ಕಿಂತ ಬದಲಿಸೋದೇ ಅಗ್ಗ. ಮಗು ಈಗ ಹಿಂದಿನ ಸೀಟಿನಲ್ಲಿ ತನ್ನ ಪುಟ್ಟ ಸೀಟಿನಲ್ಲಿ ಕೂತು ಬೆಲ್ಟು ಕಚ್ಚುತ್ತೆ, ಯಾರೂ ಬೈಯಲ್ಲ.

ಹಳೇ ಕಾರು ಕೊಳ್ಳೋಕೆ ಹೊರಟವರಿಗೆ ಒಂದು ಕಿವಿಮಾತು. ಮುಂಗಡ ಕೊಡೋ ಮೊದಲು ಸೆಂಟು ತೆಗೆಸಿ, ಕಾರನ್ನು ಬಿಸಿಲಲ್ಲಿ ಮುಚ್ಚಿಡಿಸಿ, ಏಸಿ ಹಾಕಿ ಮೊದಲ ಗಾಳಿಯನ್ನು ಮೂಸಿ ನೋಡಿ. ಕೊಂಡ ಮೇಲೆ ಮನೆ ಐದು ನಿಮಿಷ ದೂರ ಇದೆ ಅನ್ನುವಾಗ ಏಸಿ ಆಫ್ ಮಾಡಿ ಬರೀ ಬ್ಲೋವರ್ ಓಡಿಸಿ, ಒಳಗಿನ ತೇವ ಆರಲಿ.

ನಿಮ್ಮ ಕಾರಿನಲ್ಲಿ ವಾಸನೆ ಎಲ್ಲಿ ಅಡಗಿತ್ತು ಅಂತ ಹುಡುಕಿ ನೋಡಿ, ನಮಗೂ ತಿಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.