ದಾದಿಯರಿಗೂ ಹಿರಿಯರ ಆಸರೆ ಬೇಕು

ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯಲು ಬಂದ ಮಾಣಿಯು ತಾನಾಗಿಯೇ ಅಡಿಗೆಭಟ್ಟನಾಗುವುದಿಲ್ಲ. ಹಿಟ್ಟಿನ ಹದವನ್ನೂ ಒಲೆಯ ಕಾವನ್ನೂ ಕೈಹಿಡಿದು ಕಲಿಸುವ ಹಿರಿಯನೊಬ್ಬನು ಅವನಿಗೆ ದೊರೆಯಬೇಕು. ಕಚೇರಿಗೆ ಹೊಸದಾಗಿ ಸೇರಿದ ಗುಮಾಸ್ತನಿಗೂ ಇದೇ ಮಾತು ಸಲ್ಲುತ್ತದೆ. ಪುಣೆಯ ಕನ್ನಡಿಗರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಆಸ್ಪತ್ರೆಯಲ್ಲಿ ದಾದಿಯಾಗಿ ಸೇರುವ ಮಗಳಿಗೂ ಇಂತಹ ಆಸರೆ ಅವಶ್ಯವೆಂಬುದು ನೆನಪಾಗುವುದು ಅಪರೂಪ.

ಈ ಸತ್ಯವನ್ನು ಪುಣೆಯು ಬಹು ಹಿಂದೆಯೇ ಕಂಡುಕೊಂಡಿತ್ತು. ಶ್ರೀಮತಿ ರಮಾಬಾಯಿ ರಾನಡೆಯವರು ಶ್ರೀ ದೇವಧರರೊಡಗೂಡಿ 1909ರಲ್ಲಿ ಇಲ್ಲಿ ಸೇವಾಸದನವನ್ನು ಸ್ಥಾಪಿಸಿದರು. ರೋಗಿಯ ಶುಶ್ರೂಷೆಯು ಮರ್ಯಾದಸ್ಥ ಮನೆತನದ ಹೆಣ್ಣಿಗೆ ತಕ್ಕುದಲ್ಲವೆಂದು ಜನರು ಭಾವಿಸಿದ್ದ ಕಾಲವದು. ಸದನವು ಹೆಣ್ಣುಮಕ್ಕಳನ್ನು ಸಸೂನ್ ಆಸ್ಪತ್ರೆಗೆ ಶುಶ್ರೂಷಾ ಶಿಕ್ಷಣಕ್ಕಾಗಿ ಕಳುಹಿಸಿತು. ಅವರ ವಾಸಕ್ಕೆ ವಸತಿಗೃಹವನ್ನೂ ನಡೆಸಿತು. ಲಂಡನ್ನಿನಲ್ಲಿ 1860ರಲ್ಲಿ ದಾದಿಯರ ಶಾಲೆಯನ್ನು ಆರಂಭಿಸಿದ ಫ್ಲಾರೆನ್ಸ್ ನೈಟಿಂಗೇಲರೂ ಶಾಲೆ ಬಿಟ್ಟುಹೋದ ಶಿಷ್ಯೆಯರಿಗೆ ಪತ್ರ ಬರೆದು ಧೈರ್ಯ ತುಂಬುತ್ತಿದ್ದರು. ಪಾಠದಷ್ಟೇ ಬೆಂಬಲವೂ ಮುಖ್ಯವೆಂದು ಇಬ್ಬರೂ ಅರಿತಿದ್ದರು.

ಹೊಸ ದಾದಿಯ ಮೊದಲ ರಾತ್ರಿಪಾಳಿಯನ್ನು ಊಹಿಸಿಕೊಳ್ಳೋಣ. ನಡುರಾತ್ರಿ ರೋಗಿಯ ನಾಡಿ ಕ್ಷೀಣಿಸುತ್ತದೆ. ಬೈದಾರೆಂಬ ಭಯದಿಂದ ಅವಳು ಯಾರನ್ನೂ ಕೇಳದೆ ಸುಮ್ಮನಿದ್ದರೆ ಅಪಾಯವೊದಗುವುದು ರೋಗಿಗೆ. ಸಂದೇಹವನ್ನು ನಿಸ್ಸಂಕೋಚವಾಗಿ ಕೇಳಬಹುದಾದ ಹಿರಿಯ ಸಿಸ್ಟರೊಬ್ಬರು ಬಳಿಯಲ್ಲಿದ್ದರೆ ದಾದಿಯೂ ಕಲಿಯುತ್ತಾಳೆ, ರೋಗಿಯೂ ಉಳಿಯುತ್ತಾನೆ.

ಮುಂದಿನ ಮೆಟ್ಟಿಲುಗಳನ್ನು ತೋರಿಸುವುದೂ ಹಿರಿಯರ ಕೆಲಸವೇ. ಮೂರು ವರ್ಷಗಳ ಜಿ.ಎನ್.ಎಂ. ಡಿಪ್ಲೊಮಾ ಪಡೆದವಳು ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಓದಬಹುದು, ಅನಂತರ ಎರಡು ವರ್ಷಗಳ ಎಂ.ಎಸ್ಸಿ. ಮುಗಿಸಿದರೆ ನರ್ಸಿಂಗ್ ಕಾಲೇಜಿನಲ್ಲಿ ಬೋಧಕಿಯಾಗುವ ದಾರಿಯೂ ತೆರೆಯುತ್ತದೆ. ಆಸ್ಪತ್ರೆಯಲ್ಲಿಯೇ ಉಳಿದವಳಿಗೆ ವಾರ್ಡಿನ ಮುಖ್ಯಸ್ಥೆ, ಮೇಟ್ರನ್ ಮುಂತಾದ ಪದವಿಗಳುಂಟು. ದಾರಿ ತಿಳಿಯದವಳು ಮೊದಲ ಮೆಟ್ಟಿಲಲ್ಲಿಯೇ ನಿಂತುಬಿಡುತ್ತಾಳೆ.

ಊರಿನಿಂದ ಬಂದ ಕನ್ನಡದ ಹುಡುಗಿಗೆ ಇನ್ನೊಂದು ತೊಡಕಿದೆ. ರೋಗಿಯು ತನ್ನ ನೋವನ್ನು ಮರಾಠಿಯಲ್ಲಿ ಹೇಳಿಕೊಳ್ಳುತ್ತಾನೆ. ಇವಳಿಗೆ ಅದು ಅರ್ಧವಷ್ಟೇ ತಿಳಿಯುತ್ತದೆ. ಈ ನಗರದಲ್ಲಿ ಹಲವು ವರ್ಷ ದುಡಿದ ಕನ್ನಡ ದಾದಿಯರು ವಾರಕ್ಕೊಂದು ಗಂಟೆ ಇಂಥವರಿಗಾಗಿ ಮೀಸಲಿಟ್ಟರೆ ದೊಡ್ಡ ಉಪಕಾರವಾದೀತು. ತಂದೆತಾಯಿಗಳಲ್ಲಿಯೂ ನಮ್ಮದೊಂದು ಬಿನ್ನಹ: ಮಗಳು ಪಾಳಿ ಮುಗಿಸಿ ಮನೆಗೆ ಬಂದಾಗ ಸಂಬಳದ ಮಾತಿಗೆ ಮೊದಲು, “ಇಂದು ಏನು ಕಲಿತೆ, ಮಗಳೇ? ಯಾರು ಕಲಿಸಿದರು?” ಎಂದು ಕೇಳಿರಿ. ಯಾರೂ ಕಲಿಸಲಿಲ್ಲವೆಂದು ಅವಳೆಂದರೆ, ಕಲಿಸಬಲ್ಲ ಹಿರಿಯರೊಬ್ಬರನ್ನು ನಮ್ಮವರಲ್ಲಿಯೇ ಹುಡುಕಿಕೊಡಿರಿ.