ಬಾಡಿಗೆಗೆ ಬಂದವನೇ ಮನೆಯೊಡೆಯನೇ?

ಹೊನ್ನಾಳಿ: "ಹನ್ನೆರಡು ವರ್ಷ ತುಂಬಿದ್ರೆ ಮನೆ ಅವಂದೇ ಆಗ್ತೈತೆ ನೋಡ್ರೀ!"

ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಈ ಕಾನೂನು ಹೇಳುವವರಿಗೆ ಬರವಿಲ್ಲ. ಕೇಳಿದ ಮನೆ ಮಾಲೀಕನ ಎದೆ ಧಸಕ್ ಎನ್ನುತ್ತದೆ. ನಾಲ್ಕು ತಿಂಗಳ ಬಾಡಿಗೆ ಬಾಕಿ. ಕೇಳಿದರೆ "ಅಡಿಕೆ ದುಡ್ಡು ಬರ್ಲಿ ತಡೀರಿ" ಎಂಬ ಉತ್ತರ. ಕೊನೆಗೊಂದು ದಿನ ಬಾಡಿಗೆದಾರ ಹಬ್ಬಕ್ಕೆ ಊರಿಗೆ ಹೋದದ್ದೇ ತಡ, ಮಾಲೀಕ ಬೀಗದ ಮೇಲೊಂದು ಬೀಗ ಜಡಿಯುತ್ತಾನೆ. ಜಡಿದನೋ, ಕೆಟ್ಟ!

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹೊನ್ನಾಳಿ ದಾವಣಗೆರೆ ಜಿಲ್ಲೆಗೆ ಸೇರಿದ್ದು 1997ರಲ್ಲಿ. ಅದಕ್ಕೆ ಮುಂಚೆ ಶಿವಮೊಗ್ಗ ಜಿಲ್ಲೆ. 1951ರಲ್ಲಿ ಗೇಣಿದಾರರು ಕಾಗೋಡಿನಲ್ಲಿ ಸತ್ಯಾಗ್ರಹ ಹೂಡಿದ ಜಿಲ್ಲೆ ಅದು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಡಿಕ್ಲರೇಷನ್ ಹಾಕಿದರು, ಭೂನ್ಯಾಯ ಮಂಡಳಿ ಕೂತಿತು, ಉಳುವವನೇ ಹೊಲದೊಡೆಯನಾದ. ಆಗಬೇಕಾದದ್ದೇ ಆಯಿತು. ಆದರೆ ಜನ ಆ ಮಾತನ್ನು ಹೊಲದಿಂದ ಎತ್ತಿ ತಂದು ಓಣಿಯ ಬಾಡಿಗೆ ಮನೆಯೊಳಗೆ ಕೂರಿಸಿಬಿಟ್ಟಿದ್ದಾರೆ. ಬೇರೆಯವರ ಜಮೀನಿನಲ್ಲಿ ವಾಸವಿದ್ದ ಕೃಷಿ ಕೂಲಿಕಾರರ ಮನೆಗೆ ಆ ಕಾಯ್ದೆಯಲ್ಲಿ ಅವಕಾಶ ಇತ್ತು, ನಿಜ. ಪೇಟೆಯ ಬಾಡಿಗೆ ಮನೆಗೆ ಇಲ್ಲ.

ಹನ್ನೆರಡು ವರ್ಷದ ಲೆಕ್ಕವೇ ಬೇರೆ. ಮಾಲೀಕನ ಹಕ್ಕನ್ನೇ ಅಲ್ಲಗಳೆದು, ಬಹಿರಂಗವಾಗಿ "ಇದು ನಂದು" ಎಂದು ಕೂತವನಿಗೆ ಸಂಬಂಧಿಸಿದ್ದು ಅದು. ಬಾಡಿಗೆದಾರ ಕೂತಿರುವುದು ಮಾಲೀಕನ ಒಪ್ಪಿಗೆಯಿಂದ. ಹಾಗೆ ಒಳಗೆ ಬಂದವನು ಅಲ್ಲೇ ಕೂತು "ನೀನು ಮಾಲೀಕನೇ ಅಲ್ಲ" ಎನ್ನಲು ಸಾಕ್ಷ್ಯ ಕಾನೂನು ಬಿಡುವುದಿಲ್ಲ. ಹಾಗಂತ ಮಾಲೀಕ ಗೊರಕೆ ಹೊಡೆಯುವಂತೆಯೂ ಇಲ್ಲ. ಬಾಡಿಗೆ ಸಂಬಂಧ ಕಾನೂನುಪ್ರಕಾರ ಮುಗಿದ ದಿನದಿಂದ 12 ವರ್ಷದೊಳಗೆ ದಾವೆ ಹೂಡಲೇಬೇಕು.

ಇನ್ನು ಆ ಬೀಗದ ವಿಷಯ. ಕೋರ್ಟಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನ ಪ್ರಕಾರ ಬಾಡಿಗೆದಾರ ಆರು ತಿಂಗಳೊಳಗೆ ದಾವೆ ಹಾಕಬಹುದು. ಮನೆ ಯಾರದು ಎಂಬ ಪ್ರಶ್ನೆಗೇ ಹೋಗದೆ ಕೋರ್ಟು ಆತನನ್ನು ಮತ್ತೆ ಒಳಗೆ ಕೂರಿಸಬಹುದು! ಬಾಕಿ ಬಾಡಿಗೆ ಕೇಳಲು ಹೋದವನು ತಾನೇ ಪ್ರತಿವಾದಿ. ಪಾತ್ರೆ ಪಗಡೆ ಬೀದಿಗೆ ಎಸೆದರೆ ಪೊಲೀಸ್ ಠಾಣೆಯ ಮೆಟ್ಟಿಲೂ ಹತ್ತಬೇಕಾದೀತು. ನಲ್ಲಿ ಬಂದ್, ಫ್ಯೂಸ್ ಕಿತ್ತದ್ದು... ಇವೂ ಅದೇ ಜಾತಿಯ ಜಾಣತನ.

ಹಾಗಾದರೆ ದಾರಿ ಯಾವುದು? 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿರುವ ಕರ್ನಾಟಕ ಬಾಡಿಗೆ ಕಾಯ್ದೆ ಇದೆ. ಆದರೆ ಅದರಲ್ಲಿ ಹೇಳಿದ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಮನೆಗಳು ಅದರ ಹೊರಗೆ. ಈಗಿನ ಕಾಲದಲ್ಲಿ ಎರಡು ಸಾವಿರಕ್ಕೆ ಎಂಥ ಮನೆ ಸಿಗುತ್ತದೋ ಓದುಗರಿಗೇ ಗೊತ್ತು! ಆ ಕಾಯ್ದೆಯೊಳಗೆ ಬರುವ ಮನೆಯಾದರೆ ಖಾಲಿ ಮಾಡಿಸಲು ಕಾರಣ ತೋರಿಸಬೇಕು: ಬಾಡಿಗೆ ಬಾಕಿ, ಹೇಳದೆ ಕೇಳದೆ ಒಳಬಾಡಿಗೆ, ಸ್ವಂತ ವಾಸದ ಅಗತ್ಯ ಹೀಗೆ. ಬಾಕಿಗಾದರೆ ಕೇಳಿಕೆ ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ವಿಧವೆಯರಿಗೆ, ಅಂಗವಿಕಲರಿಗೆ, 65 ದಾಟಿದವರಿಗೆ ತಮ್ಮ ವಾಸಕ್ಕೆ ಮನೆ ಬೇಕಾದರೆ ಶೀಘ್ರ ಸ್ವಾಧೀನದ ಅವಕಾಶವೂ ಇದೆ.

ಹೊರಗಿನ ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸ್ ಸಾಕು, ಕಾರಣ ಬೇಕಿಲ್ಲ. ಆದರೆ ಬಾಯಿಮಾತು ನಡೆಯದು. ಬರೆದು, ಸಹಿ ಮಾಡಿ, ಅಂಚೆಯಲ್ಲಿ ಕಳಿಸಬೇಕು ಇಲ್ಲವೇ ಬಾಡಿಗೆದಾರನ ಅಥವಾ ಮನೆಯವರ ಕೈಗೆ ಕೊಡಬೇಕು. ಅದಾಗದಿದ್ದರೆ ಮನೆಯ ಎದ್ದು ಕಾಣುವ ಕಡೆ ಅಂಟಿಸಬೇಕು. ಅಂಚೆಯ ರಸೀದಿ ಜೋಪಾನ.

ಇಲ್ಲಿಯೇ ಒಳ್ಳೊಳ್ಳೆಯವರೂ ಜಾರುತ್ತಾರೆ. ನೋಟಿಸ್ ಅವಧಿ ಮುಗಿದ ಮೇಲೆ ಬಾಡಿಗೆದಾರ ನಗುತ್ತಾ "ತಗೊಳ್ರೀ ಯಜಮಾನ್ರೇ, ಈ ತಿಂಗಳದ್ದು" ಎಂದು ಹಣ ಚಾಚುತ್ತಾನೆ. ಬಂದಷ್ಟು ಬರಲಿ ಎಂದು ಮಾಲೀಕ ಜೇಬಿಗಿಳಿಸುತ್ತಾನೆ. ಬಾಡಿಗೆ ಪಡೆದಿರಿ, ಅಂದರೆ ನೋಟಿಸ್ ಬಿಟ್ಟುಕೊಟ್ಟಿರಿ ಎಂಬ ವಾದಕ್ಕೆ ಅಲ್ಲೇ ಬಾಗಿಲು ತೆರೆಯಿತು! ಪಡೆಯುವುದಾದರೆ "ಹಕ್ಕು ಬಿಡದೆ, ಅನುಭೋಗದ ಪರಿಹಾರವಾಗಿ" ಎಂದು ಬರೆದುಕೊಟ್ಟೇ ಪಡೆಯಬೇಕು. ಅಡ್ವಾನ್ಸ್ ಹಣ ಕೊಡಲು ಸಿದ್ಧವಿರುವುದೂ ಒಳ್ಳೆಯದು. ಅದನ್ನು ನುಂಗಿ ಕೂತು "ಮನೆ ಬಿಡು" ಎಂದರೆ ಯಾರು ಬಿಟ್ಟಾರು?

ನೋಟಿಸಿಗೆ ಜಗ್ಗದಿದ್ದರೆ ಸಿವಿಲ್ ಕೋರ್ಟು. ತಡವಾಗುತ್ತದೆ, ಸುಳ್ಳು ಹೇಳಿ ಫಲವಿಲ್ಲ. ವಕೀಲರ ಫೀಜಿಗೆ ಹೆದರುವ ಹೆಣ್ಣುಮಕ್ಕಳು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ ಅಲ್ಲಿ ಆದಾಯದ ಮಿತಿ ಇಲ್ಲ. ಇಬ್ಬರೂ ಒಪ್ಪಿದರೆ ಲೋಕ ಅದಾಲತ್ ಇದೆ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್, ಮೇಲ್ಮನವಿಯ ಕಾಟವಿಲ್ಲ.

ಡಿಕ್ರಿ ಆದ ಮೇಲೂ ಮಾಲೀಕ ತಾನೇ ಹಾರೆ ಹಿಡಿದು ಹೋಗುವಂತಿಲ್ಲ. ಅಮಲ್ಜಾರಿ ಅರ್ಜಿ ಹಾಕಬೇಕು. ಕೋರ್ಟಿನ ವಾರಂಟು ಹಿಡಿದು ಅಮೀನ ಬರುತ್ತಾನೆ. ಬೇಕಾದರೆ ಕೋರ್ಟಿನ ಅಪ್ಪಣೆಯಂತೆ ಬೀಗ ಒಡೆಸುವವನು ಅವನೇ.