ಸೇವೆಯ ಮನಸ್ಸಿಗೆ ಶಿಸ್ತಿನ ಆಸರೆ

ಸೇವೆ ಎಂಬ ಮಾತು ನಮ್ಮ ಕಥೋಲಿಕ ಕುಟುಂಬಗಳಿಗೆ ಹೊಸದಲ್ಲ. ಹಸಿದವನಿಗೆ ಅನ್ನ, ರೋಗಿಗೆ ಆರೈಕೆ, ಅನಾಥ ಮಗುವಿಗೆ ಆಸರೆ ನೀಡುವುದು ಬಲಿಪೂಜೆಯಲ್ಲಿ ಭಾಗವಹಿಸುವಷ್ಟೇ ಸಹಜವಾದ ಕರ್ತವ್ಯವೆಂದು ನಮ್ಮ ಹಿರಿಯರು ಕಲಿಸಿಕೊಟ್ಟಿದ್ದಾರೆ. ಧರ್ಮಕೇಂದ್ರಗಳಲ್ಲಿ ಬಡವರ ಮನೆಗೆ ಸದ್ದಿಲ್ಲದೆ ಅಕ್ಕಿ ಮುಟ್ಟಿಸುವವರಿದ್ದಾರೆ. ಮುರಿದುಬೀಳಲಿರುವ ಸಂಸಾರಗಳನ್ನು ಒಂದುಗೂಡಿಸಲು ಹೆಣಗುವವರಿದ್ದಾರೆ. ಇವರಿಗೆ ನಾವು ಋಣಿಗಳು. ಆದರೂ ಒಂದು ಪ್ರಶ್ನೆಯನ್ನು ನಾವು ಎದುರಿಸಲೇಬೇಕಾಗಿದೆ. ಮದ್ದು ಕೊಡುವ ವೈದ್ಯರ ಅರ್ಹತೆಯನ್ನು ವಿಚಾರಿಸುವ ನಾವು, ಮನೆಯ ಗುಟ್ಟನ್ನೂ ಮಗುವಿನ ಭವಿಷ್ಯವನ್ನೂ ಒಪ್ಪಿಸುವ ವ್ಯಕ್ತಿಯ ಅರ್ಹತೆಯನ್ನು ವಿಚಾರಿಸುತ್ತೇವೆಯೆ?

ನಮ್ಮ ನಾಡಿನಲ್ಲಿ 'ಸಮಾಜ ಸೇವಕ' ಎಂಬ ಬಿರುದು ಬಹಳ ಅಗ್ಗ. ಚುನಾವಣೆಗೆ ನಿಲ್ಲುವವರ ಫಲಕಗಳಲ್ಲಿಯೂ ಸನ್ಮಾನ ಪತ್ರಗಳಲ್ಲಿಯೂ ಅದು ರಾರಾಜಿಸುತ್ತದೆ. 'ಸಮಾಜಕಾರ್ಯ' ಎಂಬುದಾದರೋ ಅಭ್ಯಾಸಮಾಡಿ ಕಲಿಯಬೇಕಾದ ವೃತ್ತಿ. ಭಾರತದಲ್ಲಿ ಅದರ ಶಿಕ್ಷಣವು ೧೯೩೬ರಲ್ಲಿ ಮುಂಬಯಿಯಲ್ಲಿ ತೆರೆದ ಸರ್ ದೋರಾಬ್ಜಿ ಟಾಟಾ ಶಾಲೆಯಿಂದ ಮೊದಲಾಯಿತು. ಕರಾವಳಿಯವರಾದ ನಮಗೆ ಚಿರಪರಿಚಿತವಾದ ಮಂಗಳೂರಿನ ರೋಶನಿ ನಿಲಯವನ್ನು 'ಡಾಟರ್ಸ್ ಆಫ್ ದಿ ಹಾರ್ಟ್ ಆಫ್ ಮೇರಿ' ಸಂಸ್ಥೆಯ ಧರ್ಮಭಗಿನಿಯರು ೧೯೬೦ರಲ್ಲಿ ಸ್ಥಾಪಿಸಿದರು. ಸೇವೆಗೆ ಒಳ್ಳೆಯ ಮನಸ್ಸಿನ ಜೊತೆಗೆ ತರಬೇತಿಯೂ ಬೇಕೆಂಬುದನ್ನು ನಮ್ಮ ಶ್ರೀಸಭೆಯ ಭಗಿನಿಯರು ಅಷ್ಟು ಹಿಂದೆಯೇ ಮನಗಂಡಿದ್ದರು.

ಸಂತ ವಿನ್ಸೆಂಟರು ಕಂಡ ಸತ್ಯ

ವಾಸ್ತವವಾಗಿ ಈ ಅರಿವು ಇನ್ನೂ ಹಳೆಯದು. ೧೬೧೭ರಲ್ಲಿ ಸಂತ ವಿನ್ಸೆಂಟ್ ದೆ ಪಾವ್ಲ್ ಅವರು ಫ್ರಾನ್ಸಿನ ಶಾತಿಯೋ ಎಂಬ ಊರಿನ ಗುರುಗಳಾಗಿದ್ದರು. ಊರಾಚೆಯ ಒಂದು ಕುಟುಂಬದವರೆಲ್ಲರೂ ಕಾಯಿಲೆ ಬಿದ್ದು ದಿಕ್ಕಿಲ್ಲದೆ ಇರುವರೆಂಬ ಸುದ್ದಿ ಒಂದು ಭಾನುವಾರ ಅವರಿಗೆ ತಲುಪಿತು. ಪ್ರಬೋಧನೆಯಲ್ಲಿ ಅವರು ಆ ವಿಷಯ ತಿಳಿಸಿದರು. ಅಂದು ಮಧ್ಯಾಹ್ನವೇ ಜನರು ಆಹಾರವನ್ನು ಹೊತ್ತು ಸಾಲುಗಟ್ಟಿ ಹೊರಟರು. ಸಂತರಿಗೆ ಸಂತೋಷವಾಯಿತು, ಚಿಂತೆಯೂ ಆಯಿತು. ಇಂದು ಒಮ್ಮೆಗೇ ಬಂದ ಆಹಾರ ಕೆಟ್ಟುಹೋಗುವುದು, ನಾಳೆ ಆ ಕುಟುಂಬ ಮತ್ತೆ ಹಸಿಯುವುದು. ಇಲ್ಲಿ ದಾನಕ್ಕೆ ಕೊರತೆಯಿಲ್ಲ, ವ್ಯವಸ್ಥೆಗೆ ಕೊರತೆಯಿದೆ ಎಂದು ಅವರು ಅರಿತರು. ಅದೇ ವರ್ಷ ಊರಿನ ಸ್ತ್ರೀಯರನ್ನು ಸೇರಿಸಿ ಸಂಘವೊಂದನ್ನು ಕಟ್ಟಿ, ಯಾರು ಯಾವ ದಿನ ಹೋಗಬೇಕು, ರೋಗಿಯನ್ನು ಹೇಗೆ ಉಪಚರಿಸಬೇಕು, ಲೆಕ್ಕವನ್ನು ಹೇಗಿಡಬೇಕು ಎಂಬುದಕ್ಕೆ ಲಿಖಿತ ನಿಯಮಾವಳಿಯನ್ನು ಕೊಟ್ಟರು. ಸೇವಕರಿಗೂ ಹೊಣೆಗಾರಿಕೆಯಿರಬೇಕೆಂಬ ತತ್ತ್ವಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ.

ಒಂದು ಮಗುವಿನ ಮರಣ

ಹೊಣೆಗಾರಿಕೆ ಸಡಿಲಗೊಂಡರೆ ಏನಾಗುವುದೆಂಬುದಕ್ಕೆ ಇಂಗ್ಲೆಂಡಿನ ಒಂದು ದುರಂತವು ಸಾಕ್ಷಿ. ಆಫ್ರಿಕದ ಐವರಿ ಕೋಸ್ಟ್‌ನಿಂದ ಬಂದಿದ್ದ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ, ಸಾಕಿಕೊಳ್ಳುವೆನೆಂದು ಕರೆತಂದ ಬಂಧುವಿನ ಮತ್ತು ಆಕೆಯ ಸಂಗಾತಿಯ ಚಿತ್ರಹಿಂಸೆಯಿಂದ ೨೦೦೦ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ಅಸುನೀಗಿದಳು. ಸಮಾಜಕಾರ್ಯ ಇಲಾಖೆಗಳು, ಪೊಲೀಸರು, ಆಸ್ಪತ್ರೆಗಳು, ಎಲ್ಲರೂ ಆ ಮಗುವನ್ನು ಬಲ್ಲವರೇ. ದೆವ್ವ ಹಿಡಿದಿದೆಯೆಂದು ಆಕೆಯನ್ನು ಪ್ರಾರ್ಥನಾಲಯಗಳಿಗೂ ಕರೆದೊಯ್ಯಲಾಗಿತ್ತು. ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ ೨೦೦೩ರಲ್ಲಿ ಪ್ರಕಟವಾಯಿತು. ಮಗುವನ್ನು ರಕ್ಷಿಸಬಹುದಾಗಿದ್ದ ಕನಿಷ್ಠ ೧೨ ಅವಕಾಶಗಳು ಕೈತಪ್ಪಿದ್ದವೆಂದು ಅದು ತಿಳಿಸಿತು. ೧೦೮ ಶಿಫಾರಸುಗಳನ್ನು ಮಾಡಿತು. ಅನುಭವ ಸಾಲದ ಕಾರ್ಯಕರ್ತೆಯ ಮೇಲೆ ಹೊರಲಾರದಷ್ಟು ಹೊಣೆಯಿತ್ತು, ಆಕೆಯ ಕೆಲಸದ ಮೇಲ್ವಿಚಾರಣೆ ಸಮರ್ಪಕವಾಗಿರಲಿಲ್ಲ ಎಂಬುದು ವರದಿಯ ನೋವಿನ ಅಂಶಗಳಲ್ಲೊಂದು.

ಇಂಗ್ಲೆಂಡಿನಲ್ಲಿ ೨೦೦೫ರಿಂದ, ನೋಂದಣಿಯಿಲ್ಲದವರು 'ಸೋಶಿಯಲ್ ವರ್ಕರ್' ಎಂದು ಹೇಳಿಕೊಳ್ಳುವಂತಿಲ್ಲ. ೨೦೧೯ರ ಡಿಸೆಂಬರಿನಿಂದ 'ಸೋಶಿಯಲ್ ವರ್ಕ್ ಇಂಗ್ಲೆಂಡ್' ಎಂಬ ಸಂಸ್ಥೆ ಈ ನೋಂದಣಿಯನ್ನು ನಿರ್ವಹಿಸುತ್ತಿದೆ. ಪ್ರತಿವರ್ಷ ನೋಂದಣಿಯನ್ನು ನವೀಕರಿಸಬೇಕು, ಹೊಸದಾಗಿ ಕಲಿತದ್ದನ್ನು ದಾಖಲಿಸಬೇಕು. ತಪ್ಪೆಸಗಿದವರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವ ಅಧಿಕಾರವೂ ಆ ಸಂಸ್ಥೆಗಿದೆ. ಅಮೆರಿಕದಲ್ಲಿ ಒಂದೊಂದು ರಾಜ್ಯವೂ ತನ್ನದೇ ಪರವಾನಗಿಯನ್ನು ನೀಡುತ್ತದೆ. ಕ್ಯಾಲಿಫೋರ್ನಿಯದಲ್ಲಿ ಸ್ವತಂತ್ರವಾಗಿ ಚಿಕಿತ್ಸಾತ್ಮಕ ಸಮಾಜಕಾರ್ಯ ನಡೆಸಬೇಕಾದರೆ ಸ್ನಾತಕೋತ್ತರ ಪದವಿಯ ನಂತರ ಕನಿಷ್ಠ ೧೦೪ ವಾರಗಳ ಮೇಲ್ವಿಚಾರಣೆಯಲ್ಲಿ ೩,೦೦೦ ಗಂಟೆಗಳ ಅನುಭವ ಪಡೆದು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಸಮಾಜಕಾರ್ಯದ ಪದವಿ ಪಡೆದು ಪರದೇಶಕ್ಕೆ ಹೊರಡುವ ನಮ್ಮ ಮಕ್ಕಳು, ಪದವಿಯೊಂದರಿಂದಲೇ ಅಲ್ಲಿ ಕೆಲಸ ದೊರೆಯದೆಂಬುದನ್ನು ವಿಮಾನ ಹತ್ತುವ ಮೊದಲೇ ಅರಿತಿರುವುದು ಲೇಸು.

ಮೇಲ್ವಿಚಾರಣೆ ಎಂದರೇನು?

ಮೇಲ್ವಿಚಾರಣೆ ಎಂದೊಡನೆ ಹಾಜರಿ ಪುಸ್ತಕ ಹಿಡಿದು ತಪ್ಪು ಹುಡುಕುವ ಅಧಿಕಾರಿಯ ಚಿತ್ರ ಮನಸ್ಸಿಗೆ ಬರುವುದುಂಟು. ಸಮಾಜಕಾರ್ಯದಲ್ಲಿ ಅದರ ಅರ್ಥ ಬೇರೆ. ಅನುಭವಿಯಾದ ಹಿರಿಯರೊಬ್ಬರು ನಿಗದಿತ ಸಮಯದಲ್ಲಿ ಕಿರಿಯರೊಡನೆ ಕುಳಿತು ಪ್ರತಿಯೊಂದು ಪ್ರಕರಣವನ್ನೂ ಪರಾಮರ್ಶಿಸುತ್ತಾರೆ. ಇದರಲ್ಲಿ ಮೂರು ಉದ್ದೇಶಗಳಿವೆ: ಕೆಲಸ ನಿಯಮದಂತೆ ನಡೆದಿದೆಯೆ ಎಂದು ನೋಡುವುದು, ತಿಳಿಯದ್ದನ್ನು ಕಲಿಸುವುದು, ಬಳಲಿದ ಮನಸ್ಸಿಗೆ ಧೈರ್ಯ ತುಂಬುವುದು.

ಕುಡುಕ ಗಂಡನಿಂದ ಏಟು ತಿನ್ನುವ ಹೆಣ್ಣುಮಗಳೊಬ್ಬಳು ಯುವ ಕಾರ್ಯಕರ್ತೆಯ ಬಳಿ ಬಂದಳೆನ್ನೋಣ. ಕನಿಕರದ ಭರದಲ್ಲಿ ಆಕೆಯನ್ನು ತಕ್ಷಣ ತವರಿಗೆ ಕಳುಹಿಸಿದರೆ ಮಕ್ಕಳ ಗತಿಯೇನು? ಸಹಿಸಿಕೋ ಎಂದು ಹಿಂದಕ್ಕೆ ಕಳುಹಿಸಿದರೆ ಪ್ರಾಣಕ್ಕೇ ಸಂಚಕಾರ ಬಂದೀತಲ್ಲವೆ? ಇಂತಹ ಇಕ್ಕಟ್ಟಿನಲ್ಲಿ ಒಬ್ಬರ ವಿವೇಚನೆ ಸಾಲದು. ದಿನವೂ ಪರರ ಕಣ್ಣೀರನ್ನು ಕಾಣುವವರ ಎದೆ ಒಂದೋ ಒಡೆಯುತ್ತದೆ, ಇಲ್ಲವೆ ಕಲ್ಲಾಗುತ್ತದೆ. ಇವೆರಡರಿಂದಲೂ ಕಾಪಾಡುವುದೇ ಮೇಲ್ವಿಚಾರಣೆ.

ನಮ್ಮ ದೇಶದ ಸ್ಥಿತಿ

ನಮ್ಮಲ್ಲಿ ವಕೀಲರಿಗೆ ೧೯೬೧ರ ಕಾಯಿದೆಯಿದೆ, ದಾದಿಯರಿಗೆ ೧೯೪೭ರ ಕಾಯಿದೆಯಿದೆ. ಸಮಾಜಕಾರ್ಯಕರ್ತರೆಲ್ಲರನ್ನೂ ಒಳಗೊಳ್ಳುವ ಪ್ರತ್ಯೇಕ ಶಾಸನ ಮಾತ್ರ ಇನ್ನೂ ಬಂದಿಲ್ಲ. ಬಿಡಿಬಿಡಿಯಾಗಿ ಕೆಲವು ವ್ಯವಸ್ಥೆಗಳುಂಟು. ೧೯೯೨ರ ಭಾರತೀಯ ಪುನರ್ವಸತಿ ಮಂಡಳಿ ಕಾಯಿದೆಯು ಅಂಗವಿಕಲರ ಪುನರ್ವಸತಿಯಲ್ಲಿ ತೊಡಗಿದ ಸಮಾಜಕಾರ್ಯಕರ್ತರನ್ನು ನೋಂದಣಿಯ ವ್ಯಾಪ್ತಿಗೆ ತಂದಿತು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಸ್ನಾತಕೋತ್ತರ ಪದವಿಯ ಮೇಲೆ, ಮೇಲ್ವಿಚಾರಣೆಯ ತರಬೇತಿಯನ್ನು ಒಳಗೊಂಡ ಎರಡು ವರ್ಷಗಳ ಎಂ.ಫಿಲ್. ಪಡೆದಿರಬೇಕು, ಬೆಂಗಳೂರಿನ ನಿಮ್ಹಾನ್ಸ್ ಈ ಶಿಕ್ಷಣಕ್ಕೆ ಹೆಸರಾದುದು. ಇತರ ಆರೋಗ್ಯ ವೃತ್ತಿಗಳಿಗಾಗಿ ೨೦೨೧ರಲ್ಲಿ ಬಂದ ರಾಷ್ಟ್ರೀಯ ಆಯೋಗದ ಕಾಯಿದೆಯ ಪಟ್ಟಿಯಲ್ಲಿ ವೈದ್ಯಕೀಯ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಸೇರಿದ್ದಾರೆ. ಆದರೆ ಆಸ್ಪತ್ರೆಯ ಹೊರಗೆ, ಕೊಳೆಗೇರಿಯಲ್ಲಿ, ಅನಾಥಾಲಯದಲ್ಲಿ, ಕುಟುಂಬ ಸಲಹಾ ಕೇಂದ್ರದಲ್ಲಿ ದುಡಿಯುವ ಬಹುಸಂಖ್ಯಾತರು ಇಂತಹ ಚೌಕಟ್ಟಿನ ಆಚೆಗೇ ಉಳಿದಿದ್ದಾರೆ. ವಿದ್ಯಾರ್ಥಿ ದೆಸೆಯಲ್ಲಿ ಕ್ಷೇತ್ರಕಾರ್ಯದ ದಿನಚರಿ ಬರೆದು ಅಧ್ಯಾಪಕರಿಗೆ ಒಪ್ಪಿಸುತ್ತಿದ್ದವರಿಗೆ, ಕೆಲಸಕ್ಕೆ ಸೇರಿದ ಮೇಲೆ ಕೇಳುವವರೇ ಇಲ್ಲದಂತಾಗುವುದು ವಿಪರ್ಯಾಸ.

ನಿಯಮಗಳು ಬಂದರೆ ಪದವಿಯಿಲ್ಲದೆ ದಶಕಗಳಿಂದ ದುಡಿದ ಭಗಿನಿಯರಿಗೆ, ಸ್ವಯಂಸೇವಕರಿಗೆ ಬಾಗಿಲು ಮುಚ್ಚೀತೆಂಬ ಆತಂಕ ಕೆಲವರದು. ಈ ಆತಂಕ ನಿರಾಧಾರವಲ್ಲ. ಅಕ್ಕಿ ಹಂಚುವುದಕ್ಕೂ ರೋಗಿಯ ಬಳಿ ಕುಳಿತು ಜಪಸರ ಹೇಳುವುದಕ್ಕೂ ಯಾವ ಪರವಾನಗಿಯೂ ಬೇಡ, ಬೇಕಾಗಲೂಬಾರದು. ಆದರೆ ದೌರ್ಜನ್ಯಕ್ಕೊಳಗಾದ ಮಗುವಿನ ವಿಚಾರದಲ್ಲಾಗಲಿ, ಆತ್ಮಹತ್ಯೆಯ ಯೋಚನೆಯಲ್ಲಿರುವ ಯುವಕನ ವಿಚಾರದಲ್ಲಾಗಲಿ ಕೇವಲ ಸದ್ಭಾವನೆ ಸಾಲದು. ಅಂತಹ ಕಡೆ ಸ್ವಯಂಸೇವಕರು ತರಬೇತಾದವರ ಮಾರ್ಗದರ್ಶನದಲ್ಲಿಯೇ ನಡೆಯುವುದು ಎಲ್ಲರಿಗೂ ಕ್ಷೇಮ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ೨೦೦೫ರ ತಮ್ಮ ಮೊದಲ ವಿಶ್ವಪತ್ರದಲ್ಲಿ, ಸೇವೆ ಮಾಡುವವರಿಗೆ ವೃತ್ತಿನೈಪುಣ್ಯವು ಮೊದಲ ಅಗತ್ಯವೆಂದೂ, ಅದೊಂದೇ ಸಾಲದು, ಹೃದಯದ ಸಂಸ್ಕಾರವೂ ಬೇಕೆಂದೂ ಬೋಧಿಸಿದ್ದಾರೆ. ಪರವಾನಗಿಯ ಚೀಟಿಯೊಂದರಿಂದ ಪ್ರೀತಿ ಹುಟ್ಟದು, ನಿಜ. ಹಾಗೆಂದು ಪ್ರೀತಿಯ ಹೆಸರಿನಲ್ಲಿ ಅಜ್ಞಾನವನ್ನು ಮನ್ನಿಸುವುದೂ ಸಲ್ಲದು.

ಕುಟುಂಬಗಳು ಮಾಡಬೇಕಾದುದು

ಶಾಸನ ಬರುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಮಗುವನ್ನು ವಸತಿ ಗೃಹಕ್ಕೆ ಸೇರಿಸುವಾಗ, ವ್ಯಸನಮುಕ್ತಿ ಕೇಂದ್ರಕ್ಕೆ ಮಗನನ್ನು ಕರೆದೊಯ್ಯುವಾಗ, ದಾಂಪತ್ಯದ ಬಿರುಕಿಗೆ ಸಲಹೆ ಕೇಳುವಾಗ ನಾಲ್ಕು ಪ್ರಶ್ನೆಗಳನ್ನು ವಿನಯದಿಂದ ಕೇಳೋಣ. ತಾವು ಎಲ್ಲಿ ತರಬೇತಿ ಪಡೆದಿದ್ದೀರಿ? ತಮ್ಮ ಕೆಲಸವನ್ನು ಯಾರು ಪರಾಮರ್ಶಿಸುತ್ತಾರೆ? ನಾವು ಹೇಳಿದ್ದನ್ನು ಯಾರೊಡನೆ ಹಂಚಿಕೊಳ್ಳುತ್ತೀರಿ? ದೂರಿದ್ದರೆ ಯಾರಿಗೆ ಹೇಳಬೇಕು? ಪ್ರಾಮಾಣಿಕರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಮಕ್ಕಳ ಪಾಲನಾ ಸಂಸ್ಥೆಗಳು ೨೦೧೫ರ ಬಾಲನ್ಯಾಯ ಕಾಯಿದೆಯಂತೆ ನೋಂದಣಿಯಾಗಿರಲೇಬೇಕು. ಆ ಪತ್ರವನ್ನು ತೋರಿಸಿರೆಂದು ಕೇಳುವುದರಲ್ಲಿ ಸಂಕೋಚ ಬೇಡ.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವು ಗಮನಕ್ಕೆ ಬಂದಲ್ಲಿ ೨೦೧೨ರ ಪೋಕ್ಸೋ ಕಾಯಿದೆಯಂತೆ ಪೊಲೀಸರಿಗೆ ತಿಳಿಸುವುದು ಕಾರ್ಯಕರ್ತರಿಗಷ್ಟೇ ಅಲ್ಲ, ನಮ್ಮೆಲ್ಲರಿಗೂ ಕಡ್ಡಾಯ. ೧೦೯೮ ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ಇದೆ. ಮನೆತನದ ಮರ್ಯಾದೆ, ಸಂಸ್ಥೆಯ ಹೆಸರು ಎಂದು ಮುಚ್ಚಿಡುವುದು ಸೇವೆಯಲ್ಲ. ಅದು ಆ ಮಗುವಿಗೆ ಬಗೆಯುವ ಎರಡನೆಯ ದ್ರೋಹ.

ಧರ್ಮಕೇಂದ್ರದ ಪಾಲನಾ ಸಮಿತಿಗಳೂ ಈ ಬಗ್ಗೆ ಚಿಂತಿಸಲಿ. ಕಟ್ಟಡಕ್ಕೆ ಹಣ ಕೂಡಿಸುವ ನಾವು, ಬಡ ಕುಟುಂಬದ ಒಬ್ಬ ಮಗಳಿಗೆ ಸಮಾಜಕಾರ್ಯ ಓದಲು ನೆರವಾಗಬಾರದೆ? ತಿಂಗಳಿಗೊಮ್ಮೆ ನುರಿತವರನ್ನು ಕರೆಸಿ ನಮ್ಮ ಸ್ವಯಂಸೇವಕರ ಕಷ್ಟಗಳನ್ನು ಆಲಿಸುವ ಏರ್ಪಾಡು ಮಾಡಬಾರದೆ?

ಯೇಸುಸ್ವಾಮಿ ಹೇಳಿದ ಸಾಮತಿಯಲ್ಲಿ ಸಮಾರಿಯದವನು ಗಾಯಾಳುವನ್ನು ಕಂಡು ಕನಿಕರಪಟ್ಟು ಸುಮ್ಮನಾಗಲಿಲ್ಲ. ಎಣ್ಣೆ, ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದನು, ಛತ್ರಕ್ಕೆ ಕರೆದೊಯ್ದನು, ಛತ್ರದವನ ಕೈಗೆ ಹಣವಿತ್ತು ಹೊಣೆ ಒಪ್ಪಿಸಿದನು, ಮರಳಿ ಬರುವೆನೆಂದನು. ತನಗೆ ತಿಳಿದುದನ್ನು ಮಾಡಿ, ಉಳಿದುದನ್ನು ತಕ್ಕವರಿಗೆ ಒಪ್ಪಿಸಿ, ಮತ್ತೆ ಬಂದು ವಿಚಾರಿಸಲು ಮನಸ್ಸು ಮಾಡಿದ ಆ ಪಥಿಕನೇ ನಮ್ಮ ಸೇವೆಗೆ ಆದರ್ಶವಾಗಲಿ.